ಅರಣ್ಯದಲ್ಲಿ ಮರಗಳ ಸಾಂದ್ರತೆ: ಅದನ್ನು ಅಳೆಯುವ ಕ್ರಮ

ಒಂದು ಕಾಡಿನಲ್ಲಿ ಹೆಕ್ಟೇರಿಗೆ ಎಷ್ಟು ಮರಗಳಿವೆ ಎಂಬ ಪ್ರಶ್ನೆಯು ನೋಡುವುದಕ್ಕೆ ಅತಿ ಸರಳವಾದುದು. ಎಣಿಸಿದರೆ ಮುಗಿಯಿತಲ್ಲವೆ ಎಂದು ಯಾರಾದರೂ ಕೇಳಬಹುದು. ಆದರೆ ಎಣಿಸಲು ಹೊರಟವನು ಕಾಡಿನೊಳಕ್ಕೆ ಹತ್ತು ಹೆಜ್ಜೆ ಇಡುವಷ್ಟರಲ್ಲಿಯೇ ಮೂರು ಸಂದೇಹಗಳು ಅವನನ್ನು ತಡೆದು ನಿಲ್ಲಿಸುತ್ತವೆ. ಯಾವುದನ್ನು ಮರವೆಂದು ಕರೆಯಬೇಕು? ಹೆಕ್ಟೇರನ್ನು ಹೇಗೆ ಗುರುತುಮಾಡಬೇಕು? ಎಲ್ಲವನ್ನೂ ಎಣಿಸಲು ಸಾಧ್ಯವಿಲ್ಲದಿದ್ದರೆ ಎಣಿಸಿದಷ್ಟರಿಂದ ಎಣಿಸದೆ ಉಳಿದುದರ ಬಗ್ಗೆ ಏನು ಹೇಳಬಹುದು? ಈ ಮೂರಕ್ಕೂ ಉತ್ತರವನ್ನು ಕೊಡದೆ ಪ್ರಕಟಿಸಿದ ಸಂಖ್ಯೆಯು ಎಷ್ಟೇ ನಿಖರವಾಗಿ ತೋರಿದರೂ ಅದನ್ನು ಮತ್ತೊಂದು ಸಂಖ್ಯೆಯೊಡನೆ ಹೋಲಿಸಲು ಬರುವುದಿಲ್ಲ. ಈ ವಿಷಯವನ್ನು ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾಗುವಂತೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮರಗಳ ಎಣಿಕೆ ನಮ್ಮ ದೇಶದ ಅರಣ್ಯಶಾಸ್ತ್ರಕ್ಕೆ ಹೊಸತಲ್ಲ. 1856 ರಲ್ಲಿ ಬರ್ಮಾದ ಪೆಗು ಪ್ರಾಂತದ ತೇಗದ ಕಾಡುಗಳ ಹೊಣೆಯನ್ನು ವಹಿಸಿಕೊಂಡ ಡೀಟ್ರಿಕ್ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯವಿಜ್ಞಾನಿಯು ಆನೆಯ ಮೇಲೆ ಕುಳಿತು ಕಾಡನ್ನು ಸುತ್ತುತ್ತ, ದಾರಿಯ ಇಕ್ಕೆಲಗಳಲ್ಲಿ ಕಂಡ ತೇಗದ ಮರಗಳನ್ನು ಸುತ್ತಳತೆಗೆ ತಕ್ಕಂತೆ ವರ್ಗಗಳಾಗಿ ವಿಂಗಡಿಸಿ, ಕೈಯಲ್ಲಿ ಹಿಡಿದ ಕೋಲುಗಳ ಮೇಲೆ ಚಾಕುವಿನಿಂದ ಗೀರುಹಾಕಿ ಲೆಕ್ಕವಿಟ್ಟನು. ವರ್ಷಕ್ಕೆ ಎಷ್ಟು ಮರಗಳನ್ನು ಕಡಿದರೆ ಕಾಡು ಕ್ಷೀಣಿಸದು ಎಂಬುದನ್ನು ಆ ಗೀರುಗಳ ಆಧಾರದಿಂದಲೇ ಅವನು ನಿರ್ಧರಿಸಿದನು. 1864 ರಲ್ಲಿ ಅವನೇ ಭಾರತದ ಅರಣ್ಯಗಳ ಪ್ರಥಮ ಇನ್‌ಸ್ಪೆಕ್ಟರ್ ಜನರಲ್ ಆದನು. ಎಣಿಕೆಯ ಹಿಂದೆ ಒಂದು ತೀರ್ಮಾನವಿರುತ್ತದೆ, ಎಣಿಕೆ ತಪ್ಪಿದರೆ ತೀರ್ಮಾನವೂ ತಪ್ಪುತ್ತದೆ ಎಂಬುದು ಈ ವಿದ್ಯೆಯ ಆರಂಭದಿಂದಲೂ ಸ್ಪಷ್ಟವಾಗಿದೆ.

ಸಾಂದ್ರತೆ ಮತ್ತು ನಿಬಿಡತೆ

ಮೊದಲು ಶಬ್ದಗಳ ವಿಷಯವಾಗಿ ಒಂದು ಮಾತು. ‘ದಟ್ಟವಾದ ಕಾಡು’ ಎಂದು ನಾವು ಹೇಳುವಾಗ ಸಾಮಾನ್ಯವಾಗಿ ಮೂರು ಬೇರೆ ಬೇರೆ ಸಂಗತಿಗಳನ್ನು ಬೆರೆಸಿಬಿಡುತ್ತೇವೆ. ಒಂದನೆಯದು, ನಿರ್ದಿಷ್ಟ ಕ್ಷೇತ್ರದಲ್ಲಿರುವ ಮರಗಳ ಸಂಖ್ಯೆ. ಈ ಲೇಖನದಲ್ಲಿ ಸಾಂದ್ರತೆ ಎಂಬ ಶಬ್ದವನ್ನು ಈ ಅರ್ಥದಲ್ಲಿ ಮಾತ್ರ ಬಳಸುತ್ತೇವೆ. ಎರಡನೆಯದು, ಮರಗಳ ತಲೆಗಳು ನೆಲವನ್ನು ಎಷ್ಟರ ಮಟ್ಟಿಗೆ ಮುಚ್ಚಿವೆ ಎಂಬ ಪ್ರಮಾಣ; ಇದನ್ನು ಮೇಲಾವರಣದ ನಿಬಿಡತೆ ಎನ್ನೋಣ. ಮೂರನೆಯದು, ಎದೆಮಟ್ಟದಲ್ಲಿ ಎಲ್ಲ ಕಾಂಡಗಳನ್ನೂ ಅಡ್ಡಲಾಗಿ ಕೊಯ್ದರೆ ದೊರೆಯುವ ಮುಖಗಳ ಒಟ್ಟು ವಿಸ್ತಾರ, ಇದು ಕಾಂಡಕ್ಷೇತ್ರ.

ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವರದಿಗಳಲ್ಲಿ ಮೇಲಾವರಣವು ಶೇಕಡ 70 ಅಥವಾ ಅದಕ್ಕೆ ಮಿಕ್ಕಿರುವ ಕಾಡನ್ನು ಅತಿ ದಟ್ಟವೆಂದೂ, 40 ರಿಂದ 70 ರ ವರೆಗಿನದನ್ನು ಮಧ್ಯಮ ದಟ್ಟವೆಂದೂ, 10 ರಿಂದ 40 ರ ವರೆಗಿನದನ್ನು ತೆರೆದ ಕಾಡೆಂದೂ ವರ್ಗೀಕರಿಸುತ್ತಾರೆ. ಇಲ್ಲಿ ಹೇಳಿರುವುದು ನಿಬಿಡತೆಯೇ ಹೊರತು ಮರಗಳ ಸಂಖ್ಯೆಯಲ್ಲ. ಹೆಕ್ಟೇರಿಗೆ ಕೆಲವೇ ದೊಡ್ಡ ಆಲದ ಮರಗಳಿದ್ದರೂ ನೆಲವೆಲ್ಲ ನೆರಳಾಗಬಹುದು. ಸಾವಿರಾರು ಎಳೆಯ ಗಿಡಗಳಿದ್ದರೂ ಬಿಸಿಲು ಧಾರಾಳವಾಗಿ ಬೀಳಬಹುದು. ಆದಕಾರಣ ಆಕಾಶದಿಂದ ತೆಗೆದ ಚಿತ್ರವು ಕಾಡಿನ ಹರವನ್ನು ತೋರಿಸಿಕೊಟ್ಟರೂ ಮೇಲಾವರಣದ ಕೆಳಗೆ ಅಡಗಿದ ಕಾಂಡಗಳನ್ನು ಎಣಿಸಿಕೊಡಲಾರದು. 2015 ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಭೂಮಿಯ ಮೇಲಿರುವ ಮರಗಳ ಸಂಖ್ಯೆಯನ್ನು ಸುಮಾರು 3.04 ಲಕ್ಷ ಕೋಟಿ ಎಂದು ಅಂದಾಜುಮಾಡಿತು; ಅದಕ್ಕೆ ಮೊದಲಿನ ಅಂದಾಜು ಸುಮಾರು 40,000 ಕೋಟಿ ಮಾತ್ರವಾಗಿದ್ದಿತು. ಈ ಹೊಸ ಅಂದಾಜಿನ ಬಲವಿದ್ದುದು ನೆಲದ ಮೇಲೆ ನಿಂತು ಎಣಿಸಿದ ನಾಲ್ಕು ಲಕ್ಷಕ್ಕೂ ಮಿಕ್ಕಿದ ಮಾದರಿ ಕ್ಷೇತ್ರಗಳಲ್ಲಿ. ಉಪಗ್ರಹಗಳ ಈ ಕಾಲದಲ್ಲಿಯೂ ಹಗ್ಗ ಟೇಪುಗಳ ಕೆಲಸ ಮುಗಿದಿಲ್ಲ.

ಮರವೆಂದರೆ ಯಾವುದು?

ಕಾಡಿನಲ್ಲಿ ಮೊಳಕೆಯಿಂದ ಹಿಡಿದು ಮಹಾವೃಕ್ಷದ ವರೆಗೆ ಎಲ್ಲ ಗಾತ್ರದ ಸಸ್ಯಗಳೂ ಇರುತ್ತವೆ. ಇವುಗಳ ನಡುವೆ ಎಲ್ಲಿಯೋ ಒಂದು ಗೆರೆಯನ್ನೆಳೆದು, ಇದಕ್ಕೆ ಮೇಲ್ಪಟ್ಟವು ಮರಗಳೆಂದು ನಿರ್ಧರಿಸಬೇಕಾಗುತ್ತದೆ. ಈ ಗೆರೆಯನ್ನು ಎದೆಮಟ್ಟದ ವ್ಯಾಸ ಅಥವಾ ಸುತ್ತಳತೆಯಿಂದ ಸೂಚಿಸುವುದು ವಾಡಿಕೆ. ಎದೆಮಟ್ಟವೆಂದರೆ ಅಂತರರಾಷ್ಟ್ರೀಯ ಸಂಶೋಧನೆಯಲ್ಲಿ ನೆಲದಿಂದ 1.3 ಮೀಟರು; ನಮ್ಮ ದೇಶದ ಅರಣ್ಯ ಇಲಾಖೆಗಳಲ್ಲಿ ನಾಲ್ಕೂವರೆ ಅಡಿ, ಅಂದರೆ 1.37 ಮೀಟರು.

ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎಂಬುದು ಸಣ್ಣ ವಿಷಯವಲ್ಲ. ಪನಾಮಾ ದೇಶದ ಬಾರೊ ಕೊಲರಾಡೊ ದ್ವೀಪದಲ್ಲಿ 1980 ರ ದಶಕದ ಆರಂಭದಲ್ಲಿ 50 ಹೆಕ್ಟೇರು ಕಾಡನ್ನು ಅಳೆದು, 1 ಸೆಂಟಿಮೀಟರು ವ್ಯಾಸಕ್ಕೆ ಕಡಿಮೆಯಿಲ್ಲದ ಪ್ರತಿಯೊಂದು ಕಾಂಡವನ್ನೂ ಎಣಿಸಿದರು. ಒಟ್ಟು ಸುಮಾರು 2,35,000 ಗಿಡಮರಗಳು ದೊರೆತವು. ಹೆಕ್ಟೇರಿಗೆ ಸುಮಾರು 4,700. ಅದೇ ಕಾಡಿನಲ್ಲಿ 10 ಸೆಂಟಿಮೀಟರು ವ್ಯಾಸಕ್ಕೆ ಕಡಿಮೆಯಿಲ್ಲದವುಗಳನ್ನು ಮಾತ್ರ ಗಣನೆಗೆ ತೆಗೆದುಕೊಂಡರೆ ಅವು ಸುಮಾರು 21,000. ಹೆಕ್ಟೇರಿಗೆ ಸುಮಾರು 420. ಕಾಡು ಒಂದೇ, ಎಣಿಸಿದವರು ಒಬ್ಬರೇ. ಸಂಖ್ಯೆ ಮಾತ್ರ ಹನ್ನೊಂದು ಪಟ್ಟು ವ್ಯತ್ಯಾಸವಾಯಿತು. ಇವೆರಡರಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಎರಡೂ ಸರಿಯೇ, ಆದರೆ ಗೆರೆಯನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಹೇಳಿದರೆ ಎರಡೂ ನಿರರ್ಥಕ.

ಗೆರೆಯು ಸಮಾನವಾಗಿದ್ದಾಗ ಹೋಲಿಕೆಯಿಂದ ಜ್ಞಾನ ದೊರೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1988-89 ರಲ್ಲಿ ನೀಲಗಿರಿಯ ಮುದುಮಲೆಯ ಒಣ ಎಲೆಯುದುರು ಕಾಡಿನಲ್ಲಿಯೂ 50 ಹೆಕ್ಟೇರನ್ನು ಅಳೆದು, 1 ಸೆಂಟಿಮೀಟರಿನ ಅದೇ ಗೆರೆಯನ್ನು ಅನುಸರಿಸಿ ಎಣಿಸಿದರು. ಅಲ್ಲಿ ದೊರೆತ ಗಿಡಮರಗಳು ಸುಮಾರು 26,000. ಹೆಕ್ಟೇರಿಗೆ ಸುಮಾರು 520. ಪನಾಮಾದ ಕಾಡಿನ ಒಂಬತ್ತನೆಯ ಒಂದು ಪಾಲು! ಕ್ಷೇತ್ರವೂ ಗೆರೆಯೂ ಒಂದೇ ಆಗಿರುವುದರಿಂದ ಈ ವ್ಯತ್ಯಾಸವು ಎಣಿಕೆಯ ಕ್ರಮದಿಂದ ಹುಟ್ಟಿದುದಲ್ಲ, ಕಾಡಿನ ಸ್ವಭಾವದಿಂದಲೇ ಹುಟ್ಟಿದುದು ಎಂದು ಧೈರ್ಯವಾಗಿ ಹೇಳಬಹುದು. ಕಡಿಮೆ ಮಳೆ, ಆಗಾಗ್ಗೆ ಹರಿದಾಡುವ ನೆಲಬೆಂಕಿ, ಆನೆಗಳ ಮೇವು ಇವು ಎಳೆಯ ಗಿಡಗಳ ಸಾಲನ್ನು ವಿರಳಗೊಳಿಸುತ್ತವೆ.

ಗೆರೆಯನ್ನು ನಿರ್ಧರಿಸಿದ ಮೇಲೂ ಕೆಲವು ನಿಯಮಗಳು ಬೇಕು. ಇಳಿಜಾರಿನಲ್ಲಿ ನಿಂತ ಮರದ ಎದೆಮಟ್ಟವನ್ನು ಮೇಲುಬದಿಯ ನೆಲದಿಂದ ಅಳೆಯಬೇಕು. ಬುಡದಲ್ಲಿ ಹಲಗೆಬೇರುಗಳು ಚಾಚಿಕೊಂಡಿದ್ದರೆ ಅವು ಮುಗಿದ ಮೇಲಕ್ಕೆ ಟೇಪನ್ನು ಸುತ್ತಿ, ಎತ್ತರವನ್ನು ಬರೆದುಕೊಳ್ಳಬೇಕು. ಎದೆಮಟ್ಟಕ್ಕಿಂತ ಕೆಳಗೆ ಕವಲೊಡೆದ ಮರವನ್ನು ಅರಣ್ಯಾಧಿಕಾರಿಗಳು ಸಾಮಾನ್ಯವಾಗಿ ಎರಡು ಮರಗಳೆಂದು ಎಣಿಸುತ್ತಾರೆ. ಪರಿಸರವಿಜ್ಞಾನಿಗಳು ಎರಡು ಕಾಂಡಗಳುಳ್ಳ ಒಂದೇ ಮರವೆಂದು ಬರೆದುಕೊಳ್ಳುತ್ತಾರೆ. ಬೊಡ್ಡೆಯಿಂದ ಚಿಗುರುವ ಜಾತಿಗಳು ಹೆಚ್ಚಾಗಿರುವ, ಹಿಂದೆ ಕಡಿತಕ್ಕೆ ಒಳಗಾದ ಕಾಡಿನಲ್ಲಿ ಈ ಎರಡು ಪದ್ಧತಿಗಳ ಅಂತರ ಗಣನೀಯವಾಗುತ್ತದೆ. ಬಿದಿರು, ಮರಬಳ್ಳಿ, ನಿಂತೇ ಸತ್ತಿರುವ ಮರ ಇವುಗಳನ್ನು ಸೇರಿಸಿದೆಯೆ ಬಿಟ್ಟಿದೆಯೆ ಎಂಬುದನ್ನೂ ಹೇಳಬೇಕು.

ಹೆಕ್ಟೇರನ್ನು ಗುರುತಿಸುವ ಬಗೆ

ಹೆಕ್ಟೇರೆಂದರೆ 10,000 ಚದರ ಮೀಟರು. ಆದರೆ ಅದು ಭೂಪಟದ ಮೇಲಿನ, ಅಂದರೆ ಸಮತಲದ ಅಳತೆ. ಮಲೆನಾಡಿನ ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಅಂಟಿಸಿಕೊಂಡು 20 ಮೀಟರು ಅಳೆದರೆ, ಇಳಿಜಾರು 30 ಡಿಗ್ರಿಯಿದ್ದ ಪಕ್ಷದಲ್ಲಿ ಸಮತಲದ ದೂರ 17.3 ಮೀಟರು ಮಾತ್ರ. 400 ಚದರ ಮೀಟರು ಎಂದು ನಾವು ನಂಬಿದ ಚೌಕದ ನಿಜವಾದ ಕ್ಷೇತ್ರ ಸುಮಾರು 346 ಚದರ ಮೀಟರು. ಸಾಂದ್ರತೆಯು ವಾಸ್ತವಕ್ಕಿಂತ ಶೇಕಡ 13 ರಷ್ಟು ಕಡಿಮೆಯಾಗಿ ಕಾಣುತ್ತದೆ. ಟೇಪನ್ನು ಹಂತಹಂತವಾಗಿ ಮಟ್ಟಸವಾಗಿ ಹಿಡಿದು ಅಳೆಯುವುದು, ಇಲ್ಲವೆ ಇಳಿಜಾರಿನ ಕೋನಕ್ಕೆ ತಕ್ಕಂತೆ 20 ಮೀಟರಿನ ಬದಲು 23.1 ಮೀಟರು ಅಳೆಯುವುದು ಇದಕ್ಕೆ ಪರಿಹಾರ.

ಇನ್ನು ಎಲ್ಲೆಯ ಮೇಲೆ ನಿಂತ ಮರದ ಪ್ರಶ್ನೆ. ಕಾಂಡದ ಮಧ್ಯಬಿಂದುವು ಎಲ್ಲೆಯ ಒಳಗಿದ್ದರೆ ಎಣಿಸತಕ್ಕದ್ದು, ಹೊರಗಿದ್ದರೆ ಬಿಡತಕ್ಕದ್ದು ಎಂಬುದು ನಿಯಮ. ಆದರೆ ಎಲ್ಲೆಯನ್ನು ಮುಟ್ಟಿದ ಮರಗಳನ್ನೆಲ್ಲ ಸೇರಿಸಿಕೊಳ್ಳುವ ಉದಾರಬುದ್ಧಿ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಇದರ ಫಲವನ್ನು ಲೆಕ್ಕಹಾಕಿ ನೋಡೋಣ. ಕಾಂಡಗಳ ವ್ಯಾಸ 30 ಸೆಂಟಿಮೀಟರೆಂದು ಇಟ್ಟುಕೊಂಡರೆ, ಇಂತಹ ಎಣಿಕೆಯು ಚೌಕವನ್ನು ಪ್ರತಿಯೊಂದು ಬದಿಯಲ್ಲಿಯೂ 15 ಸೆಂಟಿಮೀಟರು ಹಿಗ್ಗಿಸಿದಂತೆ. 20 ಮೀಟರು ಚೌಕದ ಕ್ಷೇತ್ರವು 400 ರಿಂದ ಸುಮಾರು 412 ಚದರ ಮೀಟರಾಗಿ ಶೇಕಡ 3 ರಷ್ಟು ದೋಷ ಬರುತ್ತದೆ. ಅದೇ 400 ಚದರ ಮೀಟರನ್ನು 4 ಮೀಟರು ಅಗಲ, 100 ಮೀಟರು ಉದ್ದದ ಪಟ್ಟಿಯನ್ನಾಗಿ ಮಾಡಿದ್ದರೆ ದೋಷವು ಸುಮಾರು ಶೇಕಡ 8 ಕ್ಕೆ ಏರುತ್ತದೆ. ಪಟ್ಟಿಯ ಸುತ್ತಳತೆ 208 ಮೀಟರು, ಚೌಕದ್ದು 80, ಅಷ್ಟೇ ಕ್ಷೇತ್ರದ ವೃತ್ತದ್ದು 71. ಎಲ್ಲೆ ಉದ್ದವಾದಷ್ಟೂ ಎಲ್ಲೆಯ ತಕರಾರುಗಳೂ ಹೆಚ್ಚು. ಹೀಗಿದ್ದರೂ ಪಟ್ಟಿಗೆ ತನ್ನದೇ ಆದ ಗುಣವುಂಟು: ಕಣಿವೆಯಿಂದ ದಿಣ್ಣೆಯವರೆಗೆ ಹಾಯುವ ಪಟ್ಟಿಯು ಕಾಡಿನ ಬಗೆಬಗೆಯ ನೆಲೆಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಚೌಕವು ಒಂದೇ ಕಡೆ ನಿಂತುಬಿಡುತ್ತದೆ.

ಈ ಗುಣವನ್ನು ಬಳಸಿಕೊಂಡ ಒಂದು ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಸಂಶೋಧಕರು 20 ಮೀಟರು ಅಗಲದ ಐದು ಸಮಾಂತರ ಪಟ್ಟಿಗಳನ್ನು ಗುರುತಿಸಿ, ಒಟ್ಟು 3.12 ಹೆಕ್ಟೇರಿನಲ್ಲಿ 30 ಸೆಂಟಿಮೀಟರು ಸುತ್ತಳತೆಗೆ ಕಡಿಮೆಯಿಲ್ಲದ ಮರಗಳನ್ನು ಎಣಿಸಿದರು. 1996 ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಅಲ್ಲಿ 91 ಜಾತಿಗಳ 1,981 ಮರಗಳಿದ್ದುವು, ಹೆಕ್ಟೇರಿಗೆ 635. ಕಾಂಡಕ್ಷೇತ್ರವು ಹೆಕ್ಟೇರಿಗೆ 39.7 ಚದರ ಮೀಟರು. 30 ಸೆಂಟಿಮೀಟರು ಸುತ್ತಳತೆಯೆಂದರೆ ಸುಮಾರು 9.5 ಸೆಂಟಿಮೀಟರು ವ್ಯಾಸವಾದುದರಿಂದ, ಇದನ್ನು ಪನಾಮಾದ 420 ರೊಡನೆ ಹೆಚ್ಚುಕಡಮೆ ಹೋಲಿಸಬಹುದೇ ವಿನಾ 4,700 ರೊಡನೆ ಹೋಲಿಸಕೂಡದು.

ಎಲ್ಲಿ ಎಣಿಸಬೇಕು, ಎಷ್ಟು ಎಣಿಸಬೇಕು?

ಸಾವಿರಾರು ಹೆಕ್ಟೇರಿನ ಕಾಡನ್ನೆಲ್ಲ ಎಣಿಸಲಾಗದು. ಕೆಲವು ಮಾದರಿ ಚೌಕಗಳನ್ನು ಆರಿಸಿಕೊಳ್ಳಬೇಕು. ಆರಿಸುವ ಕೆಲಸವನ್ನು ಕಣ್ಣಿಗೆ ಬಿಟ್ಟರೆ ಅದು ನಮ್ಮನ್ನು ಮೋಸಗೊಳಿಸುತ್ತದೆ. ಲಂಟಾನದ ಮುಳ್ಳುಪೊದೆಯನ್ನು ಕಂಡು ಕಾಲು ತಾನಾಗಿ ಪಕ್ಕಕ್ಕೆ ತಿರುಗುತ್ತದೆ. ಭವ್ಯವಾದ ಮರಗಳ ತೋಪು ಕಂಡರೆ ‘ಇಲ್ಲೊಂದು ಚೌಕ ಹಾಕೋಣ’ ಎಂದು ಮನಸ್ಸು ಹೇಳುತ್ತದೆ. ದಾರಿಗೆ ಹತ್ತಿರವಿರುವ ಕಾಡೇ ಹೆಚ್ಚಾಗಿ ಮಾದರಿಗೆ ಸಿಕ್ಕುತ್ತದೆ, ಆ ಕಾಡೇ ಸೌದೆಗೂ ಮೇವಿಗೂ ಹೆಚ್ಚಾಗಿ ಒಳಗಾಗಿರುತ್ತದೆ. ಆದುದರಿಂದ ಚೌಕಗಳ ಸ್ಥಾನವನ್ನು ಕಾಡಿಗೆ ಹೋಗುವ ಮೊದಲೇ ಭೂಪಟದ ಮೇಲೆ ಯಾದೃಚ್ಛಿಕ ಸಂಖ್ಯೆಗಳಿಂದಲೋ ಸಮಾನ ಅಂತರದ ಜಾಲದಿಂದಲೋ ನಿರ್ಧರಿಸಿ, ಬಿಂದು ಎಲ್ಲಿ ಬಿದ್ದರೂ ಅಲ್ಲಿಯೇ ಎಣಿಸಬೇಕು. ಬಿಂದುವು ಬಯಲಿನಲ್ಲಿ ಬಿದ್ದು ಒಂದೂ ಮರ ಸಿಕ್ಕದಿದ್ದರೆ ಸೊನ್ನೆಯೆಂದು ಬರೆದುಕೊಳ್ಳಬೇಕು. ಆ ಸೊನ್ನೆಯೂ ಕಾಡಿನ ಒಂದು ಅಂಶವೇ.

ಎಷ್ಟು ಚೌಕಗಳು ಬೇಕೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸೋಣ. 20 ಮೀಟರಿನ ಹತ್ತು ಚೌಕಗಳಲ್ಲಿ ಅನುಕ್ರಮವಾಗಿ 18, 25, 31, 22, 14, 27, 35, 20, 24, 24 ಮರಗಳು ದೊರೆತವೆಂದು ಭಾವಿಸೋಣ. ಒಟ್ಟು 240, ಸರಾಸರಿ ಚೌಕಕ್ಕೆ 24. ಒಂದು ಹೆಕ್ಟೇರಿಗೆ ಇಂತಹ 25 ಚೌಕಗಳಾಗುವುದರಿಂದ ಸಾಂದ್ರತೆ ಹೆಕ್ಟೇರಿಗೆ 600. ಬಹುಮಂದಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಚೌಕಗಳು ತಮ್ಮತಮ್ಮಲ್ಲಿಯೇ 14 ರಿಂದ 35 ರ ವರೆಗೆ ಏರುಪೇರಾಗಿವೆ. ಬೇರೆ ಹತ್ತು ಚೌಕಗಳನ್ನು ಹಾಕಿದ್ದರೆ ಬೇರೆ ಸರಾಸರಿಯೇ ಬರುತ್ತಿದ್ದಿತು. ಸರಾಸರಿಯಿಂದ ಪ್ರತಿಯೊಂದು ಎಣಿಕೆಯ ವ್ಯತ್ಯಾಸವನ್ನು ವರ್ಗಮಾಡಿ ಕೂಡಿದರೆ 336; ಅದನ್ನು 9 ರಿಂದ ಭಾಗಿಸಿದರೆ 37.3; ಅದರ ವರ್ಗಮೂಲವಾದ 6.1 ಮಾನಕ ವಿಚಲನೆ. ಇದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ ಸರಾಸರಿಯ ಮಾನಕ ದೋಷ 1.93, ಹೆಕ್ಟೇರಿಗೆ ಸುಮಾರು 48. ಹತ್ತೇ ಚೌಕಗಳಿರುವುದರಿಂದ ಇದನ್ನು 2.26 ರಿಂದ ಗುಣಿಸಬೇಕು. ಆಗ ಬರುವುದು 109. ಆದ್ದರಿಂದ ನಾವು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟು: ಸಾಂದ್ರತೆ ಹೆಕ್ಟೇರಿಗೆ 600 ಎಂದು ಅಂದಾಜು, ನಿಜವಾದ ಸಂಖ್ಯೆಯು ಬಹುಶಃ 490 ಕ್ಕೂ 710 ಕ್ಕೂ ನಡುವೆ ಇದ್ದೀತು. ಈ ಅಂತರವನ್ನು ಅರ್ಧಕ್ಕೆ ಇಳಿಸಬೇಕಾದರೆ ಚೌಕಗಳನ್ನು ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು ಮಾಡಬೇಕು. ಶ್ರಮದ ವರ್ಗಮೂಲದಷ್ಟೇ ಫಲವೆಂಬುದು ಮಾದರಿಯ ಲೆಕ್ಕಾಚಾರದ ಕಠಿಣ ನಿಯಮ.

ಇದೇ ಅಂಕಿಗಳು ಮತ್ತೊಂದು ಪ್ರಶ್ನೆಯನ್ನೂ ಎತ್ತುತ್ತವೆ. ಮರಗಳು ಒಂದನ್ನೊಂದು ಲೆಕ್ಕಿಸದೆ ಎಲ್ಲೆಂದರಲ್ಲಿ ಬೆಳೆದಿದ್ದರೆ, ಪ್ವಾಸೋನ್ ನಿಯಮದಂತೆ ಎಣಿಕೆಗಳ ವಿಚಲನೆಯ ವರ್ಗವು ಸರಾಸರಿಗೆ ಸಮನಾಗಿರಬೇಕು. ಇಲ್ಲಿ ಅದು 37.3, ಸರಾಸರಿ 24. ಮರಗಳು ಗುಂಪುಗೂಡಿವೆಯೋ ಎಂಬ ಸಂದೇಹಕ್ಕೆ ಇದು ಅವಕಾಶ ಕೊಡುತ್ತದೆ. ಆದರೆ ಹತ್ತೇ ಚೌಕಗಳಿಂದ ಅದನ್ನು ಸ್ಥಾಪಿಸಲಾಗದು. ಗುಂಪುಗೂಡುವಿಕೆಯ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ವಿಧಾನಗಳನ್ನು ನೋಡಬೇಕು.

ಚೌಕವಿಲ್ಲದೆ ಅಳೆಯುವ ವಿಧಾನಗಳು

ಚೌಕಗಳನ್ನು ಗುರುತಿಸುವುದು ಶ್ರಮದ ಕೆಲಸ. ಕ್ಷೇತ್ರವನ್ನು ಗುರುತಿಸದೆ, ದೂರವನ್ನು ಮಾತ್ರ ಅಳೆದು ಸಾಂದ್ರತೆಯನ್ನು ತಿಳಿಯಲು ಸಾಧ್ಯವೆ? 1956 ರಲ್ಲಿ ಅಮೆರಿಕದ ಕಾಟಮ್ ಮತ್ತು ಕರ್ಟಿಸ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಚತುರ್ಭಾಗ ವಿಧಾನವು ಇದಕ್ಕೆ ಪ್ರಸಿದ್ಧವಾದ ಉತ್ತರ. ಆರಿಸಿದ ಬಿಂದುವಿನಲ್ಲಿ ನಿಂತು ಸುತ್ತಲಿನ ನೆಲವನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದು ಭಾಗದಲ್ಲಿಯೂ ಅತಿ ಸಮೀಪದ ಮರಕ್ಕೆ ಇರುವ ದೂರವನ್ನು ಅಳೆಯಬೇಕು. ಅನೇಕ ಬಿಂದುಗಳಲ್ಲಿ ಅಳೆದ ಎಲ್ಲ ದೂರಗಳ ಸರಾಸರಿಯನ್ನು ವರ್ಗಮಾಡಿದರೆ ಒಂದು ಮರಕ್ಕೆ ಸಲ್ಲುವ ಕ್ಷೇತ್ರ ದೊರೆಯುತ್ತದೆ. ಸರಾಸರಿ ದೂರ 4 ಮೀಟರಾದರೆ ಮರಕ್ಕೆ 16 ಚದರ ಮೀಟರು. ಹೆಕ್ಟೇರಿಗೆ 625 ಮರಗಳು. ಮೊದಲು ಸರಾಸರಿ, ಆಮೇಲೆ ವರ್ಗ. ಈ ಕ್ರಮವನ್ನು ತಿರುಗಿಸಬಾರದು.

ವಿಧಾನವು ಸೊಗಸಾಗಿದೆ, ವೇಗವಾಗಿಯೂ ಇದೆ. ಆದರೆ ಅದು ಒಂದು ನಂಬಿಕೆಯ ಮೇಲೆ ನಿಂತಿದೆ. ಮರಗಳು ಯಾದೃಚ್ಛಿಕವಾಗಿ ಹರಡಿವೆ ಎಂಬುದೇ ಆ ನಂಬಿಕೆ. ಅದು ಸುಳ್ಳಾದಾಗ ಏನಾಗುತ್ತದೆ ಎಂಬುದನ್ನು ನೆಡುತೋಪಿನ ಉದಾಹರಣೆಯಿಂದ ಕಾಣಬಹುದು. 2 ಮೀಟರು ಅಂತರದಲ್ಲಿ ಸಾಲಾಗಿ ನೆಟ್ಟ ತೇಗದ ತೋಪಿನಲ್ಲಿ ಹೆಕ್ಟೇರಿಗೆ ಇರುವುದು 2,500 ಗಿಡಗಳು. ಸಾಲಿನ ದಿಕ್ಕಿಗೆ ಸರಿಯಾಗಿ ಭಾಗಗಳನ್ನು ಮಾಡಿ ಅಳೆದರೆ ಸರಾಸರಿ ದೂರ ಸುಮಾರು 1.53 ಮೀಟರು ಬರುತ್ತದೆ. ಸೂತ್ರವು ಹೇಳುವ ಸಾಂದ್ರತೆ ಸುಮಾರು 4,270! ಗಿಡಗಳು ಇದ್ದುದಕ್ಕಿಂತ ಶೇಕಡ 70 ರಷ್ಟು ಹೆಚ್ಚಾಗಿ ‘ಬೆಳೆದುವು’. ಮರಗಳು ಗುಂಪುಗುಂಪಾಗಿರುವ ಕಾಡಿನಲ್ಲಿ ಇದಕ್ಕೆ ವಿರುದ್ಧವಾಗಿ, ಬಿಂದುಗಳು ಹೆಚ್ಚಾಗಿ ಗುಂಪುಗಳ ನಡುವಿನ ಬಯಲಿನಲ್ಲಿ ಬಿದ್ದು ದೂರಗಳು ದೊಡ್ಡವಾಗುತ್ತವೆ. ಸಾಂದ್ರತೆ ನಿಜಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ನಮ್ಮ ಕಾಡುಗಳಲ್ಲಿ ಗುಂಪುಗೂಡುವಿಕೆ ಸಾಮಾನ್ಯವಾದುದರಿಂದ ಈ ವಿಧಾನವನ್ನು ಬಳಸುವವರು ಕೆಲವು ಚೌಕಗಳನ್ನಾದರೂ ಹಾಕಿ ತಾಳೆನೋಡುವುದು ಒಳಿತು.

ಇನ್ನೊಂದು ವಿಧಾನವನ್ನು ಆಸ್ಟ್ರಿಯದ ಅರಣ್ಯವಿಜ್ಞಾನಿ ವಾಲ್ಟರ್ ಬಿಟ್ಟರ್‌ಲಿಖ್ 1948 ರಲ್ಲಿ ಪ್ರಕಟಿಸಿದನು. ಒಂದು ಮೀಟರು ಉದ್ದದ ಕೋಲಿನ ತುದಿಗೆ 2 ಸೆಂಟಿಮೀಟರು ಅಗಲದ ತಗಡನ್ನು ಕಟ್ಟಿ, ಇನ್ನೊಂದು ತುದಿಯನ್ನು ಕಣ್ಣಿನ ಬಳಿ ಹಿಡಿದು, ನಿಂತಲ್ಲಿಯೇ ಒಂದು ಸುತ್ತು ತಿರುಗಬೇಕು. ಎದೆಮಟ್ಟದಲ್ಲಿ ತಗಡಿಗಿಂತ ಅಗಲವಾಗಿ ಕಾಣುವ ಮರಗಳನ್ನು ಮಾತ್ರ ಎಣಿಸಬೇಕು. ಹೀಗೆ ಎಣಿಸಿದ ಪ್ರತಿಯೊಂದು ಮರವೂ ಹೆಕ್ಟೇರಿಗೆ ಒಂದು ಚದರ ಮೀಟರು ಕಾಂಡಕ್ಷೇತ್ರಕ್ಕೆ ಸಮ. ಇದರ ಗುಟ್ಟು ಸರಳವಾದುದು. ಮರವು ತನ್ನ ವ್ಯಾಸದ 50 ರಷ್ಟು ದೂರದೊಳಗಿದ್ದರೆ ಮಾತ್ರ ಎಣಿಕೆಗೆ ಸಿಕ್ಕುತ್ತದೆ. ಆ ತ್ರಿಜ್ಯದ ವೃತ್ತಕ್ಕೂ ಮರದ ಕಾಂಡಮುಖಕ್ಕೂ ಇರುವ ಪ್ರಮಾಣ ಯಾವಾಗಲೂ ಹತ್ತು ಸಾವಿರಕ್ಕೆ ಒಂದು. ಹೆಕ್ಟೇರಿನಲ್ಲಿ ಚದರ ಮೀಟರುಗಳೂ ಹತ್ತು ಸಾವಿರವಷ್ಟೆ!

ಆದರೆ ಈ ಎಣಿಕೆ ಕೊಡುವುದು ಕಾಂಡಕ್ಷೇತ್ರವನ್ನೇ ಹೊರತು ಮರಗಳ ಸಂಖ್ಯೆಯನ್ನಲ್ಲ. ಸಂಖ್ಯೆ ಬೇಕಾದರೆ ಎಣಿಕೆಗೆ ಸಿಕ್ಕ ಪ್ರತಿಯೊಂದು ಮರದ ವ್ಯಾಸವನ್ನೂ ಅಳೆಯಬೇಕು: 20 ಸೆಂಟಿಮೀಟರಿನ ಒಂದು ಮರವು ಹೆಕ್ಟೇರಿಗೆ ಸುಮಾರು 32 ಮರಗಳನ್ನು ಪ್ರತಿನಿಧಿಸಿದರೆ 50 ಸೆಂಟಿಮೀಟರಿನದು ಸುಮಾರು 5 ನ್ನು ಮಾತ್ರ ಪ್ರತಿನಿಧಿಸುತ್ತದೆ. ಸಂಖ್ಯೆ ಮತ್ತು ಕಾಂಡಕ್ಷೇತ್ರಗಳೆರಡೂ ತಿಳಿದಾಗಲೇ ಕಾಡಿನ ರೂಪ ಕಣ್ಣಿಗೆ ಕಟ್ಟುತ್ತದೆ. ಉಪ್ಪಂಗಳದ 39.7 ಚದರ ಮೀಟರನ್ನು 635 ಮರಗಳಿಗೆ ಹಂಚಿದರೆ, ಸಮಪಾಲಿನ ಮರದ ವ್ಯಾಸ ಸುಮಾರು 28 ಸೆಂಟಿಮೀಟರು ಎಂದು ತಿಳಿಯುತ್ತದೆ. ಇದೂ ಸಹ ಒಂದು ಸರಾಸರಿಯೇ. ಕೆಳಹಂತದಲ್ಲಿ ಹಂಬೋಲ್ಟಿಯ ಬ್ರುನೋನಿಸ್ ಎಂಬ ಸಣ್ಣ ಮರವೂ, ಮೇಲುಹಂತದಲ್ಲಿ ಸಾಲುಧೂಪವೂ ಅಲ್ಲಿ ಪ್ರಧಾನವಾಗಿವೆ ಎಂಬುದನ್ನು ಮರೆಯಬಾರದು.

ಸಂಖ್ಯೆಯಿಂದ ನಿರ್ಣಯಕ್ಕೆ

ಇಷ್ಟು ಸೂಕ್ಷ್ಮತೆ ಸಂಶೋಧಕರಿಗೆ ಮಾತ್ರ ಬೇಕಾದದ್ದೆಂದು ಯಾರೂ ಭಾವಿಸಕೂಡದು. 1996 ರ ಡಿಸೆಂಬರ್ 12 ರಂದು ಗೋದಾವರ್ಮನ್ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ದಾಖಲೆಯಲ್ಲಿ ಒಡೆತನ ಯಾರದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಕಾಡೆನಿಸುವ ನೆಲಕ್ಕೂ ಅರಣ್ಯ ಸಂರಕ್ಷಣಾ ಕಾಯಿದೆ ಅನ್ವಯಿಸುವುದೆಂದು ಹೇಳಿ, ಅಂತಹ ನೆಲಗಳನ್ನು ಗುರುತಿಸುವಂತೆ ರಾಜ್ಯಗಳಿಗೆ ಆದೇಶಿಸಿತು. ನಿಘಂಟಿನಲ್ಲಿ ಸಂಖ್ಯೆಗಳಿಲ್ಲ, ಆದರೆ ಗುರುತಿಸುವವನಿಗೆ ಸಂಖ್ಯೆ ಬೇಕು. ಕರ್ನಾಟಕದಲ್ಲಿ ಇದಕ್ಕಾಗಿ ಬಳಕೆಗೆ ಬಂದ ಮಾನದಂಡಗಳಲ್ಲಿ ಹೆಕ್ಟೇರಿಗೆ 50 ಮರಗಳೆಂಬುದೂ ಒಂದು. ರಾಜ್ಯದ ಪರಿಭಾವಿತ ಅರಣ್ಯದ ವಿಸ್ತಾರವನ್ನು ಹಿಂದೆ ಸುಮಾರು 9.94 ಲಕ್ಷ ಹೆಕ್ಟೇರೆಂದು ಹೇಳಿದ್ದು, 2022 ರಲ್ಲಿ ಅದು ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ಈ ಇಳಿತಕ್ಕೆ ಕಂದಾಯ ದಾಖಲೆ, ಸಾಗುವಳಿ, ಜನವಸತಿ ಮುಂತಾದ ಅನೇಕ ವಿಚಾರಗಳ ಸಂಬಂಧವಿದೆ. ಅದರ ವಿಮರ್ಶೆ ನಮ್ಮ ಉದ್ದೇಶವಲ್ಲ. ನಾವು ಕೇಳಬೇಕಾದ ಪ್ರಶ್ನೆ ಒಂದೇ: ಹೆಕ್ಟೇರಿಗೆ 50 ಮರಗಳಿವೆಯೋ ಇಲ್ಲವೋ ಎಂಬುದನ್ನು ತಿಳಿಯಲು ಏನು ಮಾಡಬೇಕು?

20 ಹೆಕ್ಟೇರಿನ ಒಂದು ನೆಲವಿದೆಯೆನ್ನೋಣ. ಅದರಲ್ಲಿ ನಿಜವಾಗಿಯೂ ಹೆಕ್ಟೇರಿಗೆ 50 ಮರಗಳಿವೆ. ನಾವು 20 ಮೀಟರಿನ ಹತ್ತು ಚೌಕಗಳನ್ನು ಹಾಕುತ್ತೇವೆ. ಪ್ರತಿ ಚೌಕದಲ್ಲಿಯೂ ಸರಾಸರಿ 2 ಮರಗಳು ಸಿಕ್ಕಬೇಕು. ಮರಗಳು ಯಾದೃಚ್ಛಿಕವಾಗಿ ಹರಡಿದ್ದರೂ, ಮೇಲೆ ಹೇಳಿದ ಪ್ವಾಸೋನ್ ನಿಯಮದಂತೆ, ಸರಾಸರಿಯ ಮಾನಕ ದೋಷವು ಹೆಕ್ಟೇರಿಗೆ ಸುಮಾರು 11 ಮರಗಳು. ಅಂದರೆ ಈ ಮಾದರಿಯಿಂದ 30 ಬಂದರೂ 70 ಬಂದರೂ ಆಶ್ಚರ್ಯಪಡಬೇಕಾಗಿಲ್ಲ. ಮರಗಳು ಗುಂಪುಗೂಡಿದ್ದರೆ ಅಂತರ ಇನ್ನೂ ದೊಡ್ಡದು. ಒಬ್ಬನ ಹತ್ತು ಚೌಕಗಳು ಅದನ್ನು ಕಾಡೆನ್ನುತ್ತವೆ, ಮತ್ತೊಬ್ಬನ ಹತ್ತು ಚೌಕಗಳು ಅಲ್ಲವೆನ್ನುತ್ತವೆ. ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು. ದೋಷವನ್ನು ಐದು ಮರಗಳ ಮಿತಿಯೊಳಗೆ ತರಬೇಕಾದರೆ, ನೆಲವು ಚಿಕ್ಕದೆಂಬ ಅನುಕೂಲವನ್ನು ಲೆಕ್ಕಕ್ಕೆ ಸೇರಿಸಿಕೊಂಡರೂ ಸುಮಾರು 140 ಚೌಕಗಳು ಬೇಕಾಗುತ್ತವೆ. ಅದು ನೆಲದ ಕಾಲುಭಾಗಕ್ಕೂ ಮಿಕ್ಕಿದ ಮಾತು. ಅಷ್ಟು ಶ್ರಮಪಡುವ ಬದಲು ಇಂತಹ ನೆಲದಲ್ಲಿರುವ ಸಾವಿರ ಮರಗಳನ್ನೂ ಒಂದೂ ಬಿಡದೆ ಎಣಿಸಿಬಿಡುವುದೇ ಲೇಸು. ಮಾದರಿಯು ದೊಡ್ಡ ಕಾಡಿಗೆ ತಕ್ಕ ಸಾಧನ. ವಿರಳವಾದ ಚಿಕ್ಕ ನೆಲದ ಹಣೆಬರಹವನ್ನು ಅದರಿಂದ ಬರೆಯಬಾರದು.

ಪೂರ್ತಿ ಎಣಿಸಿದರೂ ಗೆರೆಯ ಪ್ರಶ್ನೆ ಉಳಿದೇ ಇರುತ್ತದೆ. 30 ಸೆಂಟಿಮೀಟರು ಸುತ್ತಳತೆಗೆ ಮೇಲ್ಪಟ್ಟ ಮರಗಳು ಹೆಕ್ಟೇರಿಗೆ 40 ಇರುವ ಗುಡ್ಡದಲ್ಲಿ ಗೆರೆಯನ್ನು 20 ಸೆಂಟಿಮೀಟರಿಗೆ ಇಳಿಸಿದರೆ 60 ದೊರೆಯಬಹುದು. ಮೇಯಿಸುವುದನ್ನು ನಿಲ್ಲಿಸಿ ಹತ್ತು ವರ್ಷ ಬಿಟ್ಟರೆ ಅದೇ ಗುಡ್ಡ ಗೆರೆಯನ್ನು ತಾನೇ ದಾಟಬಹುದು. ನಾಲ್ಕು ಮರಗಳನ್ನು ಕಡಿದರೆ ಮತ್ತೆ ಕೆಳಗಿಳಿಯಬಹುದು. ಒಂದು ಮರದ ವ್ಯತ್ಯಾಸಕ್ಕೆ ರಕ್ಷಣೆಯೇ ಸಿಕ್ಕುವ ಅಥವಾ ತಪ್ಪುವ ಸಂದರ್ಭದಲ್ಲಿ, ಎಣಿಸುವವನು ಏನನ್ನು ಎಣಿಸಿದನು, ಹೇಗೆ ಎಣಿಸಿದನು ಎಂಬುದು ದಾಖಲೆಯಲ್ಲಿ ಇರಲೇಬೇಕು.

ಆದುದರಿಂದ ಸಾಂದ್ರತೆಯ ಯಾವುದೇ ಸಂಖ್ಯೆಯನ್ನು ಬರೆಯುವಾಗ ಅದರೊಡನೆ ಕೆಳಗಿನ ವಿವರಗಳನ್ನು ತಪ್ಪದೆ ಕೊಡಬೇಕೆಂದು ನಮ್ಮ ಸೂಚನೆ: ಎಣಿಸಿದ ಮರಗಳ ಕನಿಷ್ಠ ಗಾತ್ರ, ಮತ್ತು ಅದು ವ್ಯಾಸವೋ ಸುತ್ತಳತೆಯೋ ಎಂಬುದು, ಅಳೆದ ಎತ್ತರ, ಕವಲುಮರ, ಸತ್ತ ಮರ, ಬಿದಿರುಗಳ ವಿಷಯದಲ್ಲಿ ಅನುಸರಿಸಿದ ನಿಯಮ, ಮಾದರಿಯ ಆಕಾರ, ಕ್ಷೇತ್ರ ಹಾಗೂ ಸಂಖ್ಯೆ, ಇಳಿಜಾರಿಗೆ ಮಾಡಿದ ತಿದ್ದುಪಡಿ, ಮಾದರಿಗಳ ಸ್ಥಾನವನ್ನು ಆರಿಸಿದ ಕ್ರಮ, ಎಣಿಸಿದ ವರ್ಷ, ಮತ್ತು ಮಾನಕ ದೋಷ. ಇವೆಲ್ಲವೂ ಸೇರಿ ನಾಲ್ಕು ಸಾಲುಗಳನ್ನು ಮೀರುವುದಿಲ್ಲ.

ಈ ಕೆಲಸಕ್ಕೆ ಬೆಲೆಬಾಳುವ ಉಪಕರಣಗಳು ಬೇಡ. ಒಂದು ಟೇಪು, ಒಂದು ದಿಕ್ಸೂಚಿ, ಇಳಿಜಾರನ್ನು ಅಳೆಯುವ ಒಂದು ಸಾಧನ, ಹಗ್ಗ, ಸುಣ್ಣದ ಕಡ್ಡಿ ಇಷ್ಟಿದ್ದರೆ ಯಾವ ಕಾಲೇಜಿನ ಸಸ್ಯಶಾಸ್ತ್ರ ವಿಭಾಗವಾದರೂ ತನ್ನ ಸಮೀಪದ ಗುಡ್ಡವನ್ನೋ ದೇವರಕಾಡನ್ನೋ ಅಳೆಯಬಹುದು. ವಿದ್ಯಾರ್ಥಿಗಳನ್ನು ಎರಡು ತಂಡಗಳಾಗಿ ಮಾಡಿ, ಒಂದೇ ಕಾಡಿನಲ್ಲಿ ಬೇರೆ ಬೇರೆ ಹತ್ತು ಚೌಕಗಳನ್ನು ಹಾಕಿಸಿ, ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ, ಮಾನಕ ದೋಷವೆಂದರೇನೆಂಬುದು ಅನೇಕ ಉಪನ್ಯಾಸಗಳಿಗಿಂತ ಚೆನ್ನಾಗಿ ಅವರಿಗೆ ಮನವರಿಕೆಯಾಗುತ್ತದೆ. ಚೌಕಗಳ ಮೂಲೆಗಳಿಗೆ ಕಲ್ಲು ನೆಟ್ಟು, ಮರಗಳಿಗೆ ಸಂಖ್ಯೆ ಕೊಟ್ಟು, ವಿವರಗಳನ್ನು ವಿಭಾಗದಲ್ಲಿ ಕಾಪಾಡಿಕೊಂಡು ಬಂದರೆ, ಐದಾರು ವರ್ಷಗಳ ತರುವಾಯ ಬರುವ ವಿದ್ಯಾರ್ಥಿಗಳು ಅದೇ ಮರಗಳನ್ನು ಮತ್ತೆ ಅಳೆದು, ಕಾಡು ಹೆಚ್ಚುತ್ತಿದೆಯೋ ಕ್ಷೀಣಿಸುತ್ತಿದೆಯೋ ಎಂಬುದನ್ನು ಊಹೆಯಿಂದಲ್ಲದೆ ಲೆಕ್ಕದಿಂದ ಹೇಳಬಲ್ಲವರಾಗುತ್ತಾರೆ.